ಮರಕಾನಾದ ಗಾಂಧಿ ಕ್ಲಾಸ್

ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದ ಉತ್ತರ ಭಾಗದಲ್ಲಿ ಮರಕಾನಾ ಎಂಬ ಪುಟ್ಟ ನದಿಯಿದೆ. ಅದನ್ನೀಗ ನದಿ ಎನ್ನುವುದಕ್ಕಿಂತ ಕಾಲುವೆ ಎನ್ನುವುದೇ ಸರಿ. ಎರಡೂ ಕಡೆ ಕಾಂಕ್ರೀಟ್ ಗೋಡೆ, ಗೋಡೆಗೆ ತಾಗಿಕೊಂಡೇ ರಸ್ತೆ, ರಸ್ತೆ ತುಂಬ ಬಸ್ಸುಗಳು. ಮರಕಾನಾ ಎಂದರೆ ಅಲ್ಲಿನ ಮೂಲನಿವಾಸಿಗಳ ತುಪಿ ಭಾಷೆಯಲ್ಲಿ ಒಂದು ಜಾತಿಯ ಗಿಳಿ. ಗಿಳಿಯ ಹೆಸರು ನದಿಗೆ ಬಂತು, ನದಿಯ ಹೆಸರು ಬಡಾವಣೆಗೆ ಬಂತು, ಬಡಾವಣೆಯ ಹೆಸರು ಅಲ್ಲಿ ಎದ್ದ ಫುಟ್‌ಬಾಲ್ ಕ್ರೀಡಾಂಗಣಕ್ಕೆ ಬಂತು. ಸರ್ಕಾರಿ ಕಾಗದಗಳಲ್ಲಿ ಕ್ರೀಡಾಂಗಣದ ಹೆಸರು ಬೇರೆಯೇ ಇದೆ. ಆದರೆ ಜನ ಕರೆಯುವುದು ಮರಕಾನಾ ಎಂದೇ.

ಈ ಕ್ರೀಡಾಂಗಣ ಕಂಡ ಪಂದ್ಯಗಳ ಪಟ್ಟಿ ಫುಟ್‌ಬಾಲ್ ಪ್ರಿಯರಿಗೆಲ್ಲ ಬಾಯಿಪಾಠ. 1950ರ ವಿಶ್ವಕಪ್ಪಿನ ನಿರ್ಣಾಯಕ ಪಂದ್ಯ, ಪೆಲೆಯ ಸಾವಿರದ ಗೋಲು, 2014ರ ವಿಶ್ವಕಪ್ ಫೈನಲ್, 2016ರ ಒಲಿಂಪಿಕ್ಸ್. ಆಡಿದವರ ಕಥೆ ಬೇಕಾದಷ್ಟು ಸಲ ಹೇಳಿಯಾಗಿದೆ. ನೋಡಲು ಬಂದವರು ಎಲ್ಲಿ ನಿಂತಿದ್ದರು, ಆಮೇಲೆ ಎಲ್ಲಿಗೆ ಹೋದರು ಎಂದು ಕೇಳಿದರೆ ಮರಕಾನಾದ ಇನ್ನೊಂದು ಚರಿತ್ರೆ ತೆರೆದುಕೊಳ್ಳುತ್ತದೆ.

ಕುದುರೆ ಓಡಿದ ಜಾಗ

1946ರಲ್ಲಿ ವಿಶ್ವಕಪ್ ನಡೆಸುವ ಹೊಣೆ ಬ್ರೆಜಿಲ್‌ಗೆ ಸಿಕ್ಕಿತು. ಎರಡನೆಯ ಮಹಾಯುದ್ಧದಲ್ಲಿ ಜರ್ಜರಿತವಾಗಿದ್ದ ಯೂರೋಪಿಗೆ ಆಟ ನಡೆಸುವ ಚೈತನ್ಯವಿರಲಿಲ್ಲ. ರಿಯೊ ಆಗ ಬ್ರೆಜಿಲ್‌ನ ರಾಜಧಾನಿ. ಊರಿನಲ್ಲಿದ್ದ ದೊಡ್ಡ ಕ್ರೀಡಾಂಗಣವೆಂದರೆ ವಾಸ್ಕೊ ಡ ಗಾಮಾ ಕ್ಲಬ್ಬಿನ ಸಾವ್ ಜನುವಾರಿಯೊ. ವಿಶ್ವಕಪ್ಪಿಗೆ ಅದು ಸಾಲದು ಎಂಬ ಮಾತು ಬಂತು.

ವಾಸ್ಕೊ ಕ್ಲಬ್ಬಿನ ಈ ಕ್ರೀಡಾಂಗಣಕ್ಕೂ ಒಂದು ಹಿನ್ನೆಲೆಯಿದೆ. ಬ್ರೆಜಿಲ್‌ನಲ್ಲಿ ಫುಟ್‌ಬಾಲ್ ಮೊದಲು ಶ್ರೀಮಂತರ, ಬಿಳಿಯರ ಆಟವಾಗಿತ್ತು. 1923ರಲ್ಲಿ ವಾಸ್ಕೊ ಕ್ಲಬ್ ಕರಿಯ ಆಟಗಾರರನ್ನೂ ಕೂಲಿ ಕೆಲಸದವರನ್ನೂ ಕಟ್ಟಿಕೊಂಡು ರಿಯೊ ಚಾಂಪಿಯನ್ ಆಯಿತು. ದೊಡ್ಡ ಮನೆತನದ ಕ್ಲಬ್ಬುಗಳಿಗೆ ಇದು ಸಹಿಸಲಿಲ್ಲ. ಮರುವರ್ಷವೇ ಅವು ಬೇರೆ ಸಂಘ ಕಟ್ಟಿಕೊಂಡು, ಒಳಗೆ ಬರಬೇಕಾದರೆ ನಿಮ್ಮ 12 ಆಟಗಾರರನ್ನು ಕೈಬಿಡಿ ಎಂದು ವಾಸ್ಕೊಗೆ ಹೇಳಿದವು. ವಾಸ್ಕೊ ಒಪ್ಪಲಿಲ್ಲ. ಸ್ವಂತ ಮೈದಾನವಿಲ್ಲದವರು ಎಂಬ ಮೂದಲಿಕೆಗೆ ಉತ್ತರವಾಗಿ ಅದರ ಅಭಿಮಾನಿಗಳು ಹಣ ಕೂಡಿಸಿ 1927ರಲ್ಲಿ ಸಾವ್ ಜನುವಾರಿಯೊ ಕಟ್ಟಿದರು. ಯಾರು ಆಡಬಹುದು, ಯಾರು ನೋಡಬಹುದು ಎಂಬ ಜಗಳ ರಿಯೊ ನಗರಕ್ಕೆ ಹೊಸದಲ್ಲ.

ಹೊಸ ಕ್ರೀಡಾಂಗಣವನ್ನು ಎಲ್ಲಿ ಕಟ್ಟಬೇಕು? ನಗರಸಭೆಯಲ್ಲಿ ದೊಡ್ಡ ವಾಗ್ವಾದವೇ ನಡೆಯಿತು. ಪತ್ರಕರ್ತನೂ ರಾಜಕಾರಣಿಯೂ ಆಗಿದ್ದ ಕಾರ್ಲೋಸ್ ಲಾಸೆರ್ಡಾ ಅದನ್ನು ಊರಾಚೆಯ ಜಕರೆಪಗುವಾದಲ್ಲಿ ಕಟ್ಟಬೇಕೆಂದು ಪಟ್ಟು ಹಿಡಿದ. ಇನ್ನೊಬ್ಬ ಪತ್ರಕರ್ತ ಮಾರಿಯೊ ಫಿಲ್ಯೊ ಅಷ್ಟೇ ಗಟ್ಟಿಯಾಗಿ ಎದುರು ನಿಂತ. ಊರ ನಡುವೆಯೇ, ರೈಲು ಹಳಿಯ ಪಕ್ಕದಲ್ಲೇ ಇದ್ದ ಡರ್ಬಿ ಕ್ಲಬ್ಬಿನ ಹಳೆಯ ಕುದುರೆ ಓಟದ ಮೈದಾನವೇ ಆಗಬೇಕು ಎಂಬುದು ಅವನ ವಾದ. ರೈಲು, ಟ್ರಾಮ್ ಹಿಡಿದು ಎಲ್ಲರೂ ಬರಬಹುದಾದ ಜಾಗ ಅದು.

ಮಾರಿಯೊ ಫಿಲ್ಯೊ ಸಾಮಾನ್ಯ ಆಸಾಮಿಯಲ್ಲ. ಗುಲಾಬಿ ಬಣ್ಣದ ಕಾಗದದಲ್ಲಿ ಅಚ್ಚಾಗುತ್ತಿದ್ದ 'ಜೊರ್ನಾಲ್ ದೊಸ್ ಸ್ಪೋರ್ಟ್ಸ್' ಎಂಬ ಕ್ರೀಡಾ ದಿನಪತ್ರಿಕೆಯ ಒಡೆಯ. ಫ್ಲಮೆಂಗೊ ಮತ್ತು ಫ್ಲುಮಿನೆನ್ಸ್ ಕ್ಲಬ್ಬುಗಳ ಕಾದಾಟಕ್ಕೆ 'ಫ್ಲಾ-ಫ್ಲು' ಎಂಬ ಹೆಸರನ್ನು ಮನೆಮಾತು ಮಾಡಿದವನು ಇವನೇ. 1932ರಲ್ಲಿ ಸಾಂಬಾ ಶಾಲೆಗಳ ಮೊದಲ ಸ್ಪರ್ಧೆ ನಡೆಸಿದ್ದು ಇವನ ಪತ್ರಿಕೆಯೇ. ಬ್ರೆಜಿಲ್‌ನ ಫುಟ್‌ಬಾಲಿನಲ್ಲಿ ಕರಿಯ ಆಟಗಾರರು ಹೇಗೆ ಬಾಗಿಲು ತಟ್ಟಿ ಒಳಗೆ ಬಂದರು ಎಂಬ ಬಗ್ಗೆ 1947ರಲ್ಲಿ ಒಂದು ದೊಡ್ಡ ಪುಸ್ತಕವನ್ನೇ ಬರೆದಿದ್ದ. ಕೊನೆಗೆ ಅವನ ಮಾತೇ ನಡೆಯಿತು. 1966ರಲ್ಲಿ ಅವನು ತೀರಿಕೊಂಡ ಮೇಲೆ ಕ್ರೀಡಾಂಗಣಕ್ಕೆ ಅವನ ಹೆಸರನ್ನೇ ಇಟ್ಟರು. 2021ರಲ್ಲಿ ಅದನ್ನು ತೆಗೆದು ಪೆಲೆಯ ಹೆಸರಿಡಲು ರಿಯೊ ಶಾಸನಸಭೆ ಮಸೂದೆ ಪಾಸು ಮಾಡಿದಾಗ ಅಭಿಮಾನಿಗಳಿಂದ ಆಕ್ಷೇಪ ಬಂತು. ರಾಜ್ಯಪಾಲರು ಸಹಿ ಹಾಕಲಿಲ್ಲ. ಸರ್ಕಾರಿ ಕಾಗದದಲ್ಲಿ ಉಳಿದಿರುವ ಹೆಸರು ಈ ಪತ್ರಕರ್ತನದೇ.

ಜೆರಾಲ್ ಎಂಬ ಊರು

1948ರ ಆಗಸ್ಟ್ 2ರಂದು ಅಡಿಗಲ್ಲು ಬಿತ್ತು. ಎರಡು ವರ್ಷ ತುಂಬುವ ಮೊದಲೇ, 1950ರ ಜೂನ್ 16ರಂದು ಮೊದಲ ಪಂದ್ಯ ನಡೆಯಿತು. ರಿಯೊ ಮತ್ತು ಸಾವೊ ಪಾಲೊ ನಗರಗಳ ಆಯ್ದ ಆಟಗಾರರ ನಡುವಣ ಆಟ. ಮೊದಲ ಗೋಲು ಹೊಡೆದವನು ರಿಯೊ ಪರ ಆಡಿದ ದೀದಿ. ಗೆದ್ದದ್ದು ಮಾತ್ರ ಸಾವೊ ಪಾಲೊ, 3-1ರಿಂದ. ಅಂದು ಸಾರುವೆ ಮರಗಳನ್ನು ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. ಕಟ್ಟಡದ ಕೆಲಸ ನಿಜವಾಗಿ ಮುಗಿದದ್ದು ಇನ್ನೂ 15 ವರ್ಷಗಳ ನಂತರ, 1965ರಲ್ಲಿ.

ಹೀಗೆ ಎದ್ದು ನಿಂತದ್ದು ಜಗತ್ತಿನ ಅತಿ ದೊಡ್ಡ ಫುಟ್‌ಬಾಲ್ ಕ್ರೀಡಾಂಗಣ. ಮೊಟ್ಟೆಯಾಕಾರದ ಬೃಹತ್ ಬಟ್ಟಲು. ಮೇಲಿನ ಅಂತಸ್ತಿನಲ್ಲಿ ಸುತ್ತಲೂ ಕಾಂಕ್ರೀಟ್ ಮೆಟ್ಟಿಲುಗಳು. ಅವೇ ಕೂರುವ ಜಾಗ. ಅದರ ಕೆಳಗೆ ಕುರ್ಚಿಗಳ ಸಾಲು, ಅಲ್ಲಿ ಕಾಸುಳ್ಳವರು. ಮೇಲಿನವರ ತಲೆಗೆ ನೆರಳಾಗಿ ಕಂಬಗಳಿಲ್ಲದೆ ಮುಂಚಾಚಿದ ಕಾಂಕ್ರೀಟ್ ಚಪ್ಪರ. ಇವೆಲ್ಲಕ್ಕಿಂತ ಕೆಳಗೆ, ಮೈದಾನದ ಮಟ್ಟದಲ್ಲೇ ಸುತ್ತಲೂ ಒಂದು ಪಟ್ಟಿ. ಕುರ್ಚಿಯಿಲ್ಲ, ಮೆಟ್ಟಿಲಿಲ್ಲ, ನೆರಳಿಲ್ಲ. ನಿಂತೇ ನೋಡಬೇಕು. ಅದರ ಹೆಸರು 'ಜೆರಾಲ್', ಅಂದರೆ ಸಾಮಾನ್ಯರ ಜಾಗ. ನಮ್ಮ ಟೆಂಟ್ ಸಿನಿಮಾಗಳ ಗಾಂಧಿ ಕ್ಲಾಸನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ನೆಲದ ಮೇಲೆ ಕೂರುತ್ತಿದ್ದರು, ಇಲ್ಲಿ ನೆಲದ ಮೇಲೆ ನಿಲ್ಲುತ್ತಿದ್ದರು, ಅಷ್ಟೇ ವ್ಯತ್ಯಾಸ.

ಜೆರಾಲ್‌ನಲ್ಲಿ ಸುಮಾರು 30 ಸಾವಿರ ಜನ ಹಿಡಿಸುತ್ತಿದ್ದರು. ಟಿಕೆಟ್ಟು ಬಲು ಅಗ್ಗ. ಆಟ ಕಾಣುತ್ತಿದ್ದದ್ದೂ ಅಷ್ಟಕ್ಕಷ್ಟೇ. ಕಣ್ಣಿನ ಮಟ್ಟಕ್ಕೆ ಬರುತ್ತಿದ್ದದ್ದು ಆಟಗಾರರ ಕಾಲುಗಳು. ಮೈದಾನದ ಆಚೆ ತುದಿಯಲ್ಲಿ ಏನಾಯಿತೆಂದು ತಿಳಿಯಲು ಮೇಲಿನವರ ಕೂಗನ್ನು ಕೇಳಿ ಊಹಿಸಬೇಕು, ಇಲ್ಲವೇ ಕಿವಿಗೆ ರೇಡಿಯೊ ಹಚ್ಚಿಕೊಳ್ಳಬೇಕು. ಮಳೆ ಬಂದರೆ ನೆನೆಯುವುದು, ಬಿಸಿಲು ಬಂದರೆ ಬೇಯುವುದು. ಮೇಲಿನ ಮೆಟ್ಟಿಲುಗಳಿಂದ ಕಿತ್ತಳೆ ಸಿಪ್ಪೆಯಿಂದ ಹಿಡಿದು ಹೆಸರು ಹೇಳಬಾರದ ದ್ರವದವರೆಗೆ ಏನು ಬೇಕಾದರೂ ತಲೆಯ ಮೇಲೆ ಬೀಳಬಹುದು.

ಆದರೂ ಜನ ಬಿಡುತ್ತಿರಲಿಲ್ಲ. ಕೂಲಿಯವರು, ಮನೆಗೆಲಸದವರು, ಬಸ್ ಕಂಡಕ್ಟರುಗಳು, ಗುಡ್ಡದ ಮೇಲಿನ ಫವೇಲಾಗಳ ಹುಡುಗರು. ಕೆಲವರು ವೇಷ ಹಾಕಿಕೊಂಡೇ ಬರುತ್ತಿದ್ದರು: ಬ್ಯಾಟ್‌ಮ್ಯಾನ್, ಪೋಪ್, ದೆವ್ವ, ಮದುಮಗಳು. ಚೆಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದರೆ ಇವರೂ ಅದರ ಜತೆಗೆ ಓಡುತ್ತಿದ್ದರು. ವಾಷಿಂಗ್ಟನ್ ರೊಡ್ರಿಗಸ್ ಎಂಬ ರೇಡಿಯೊ ಮಾತುಗಾರ ಇವರಿಗೆ 'ಜೆರಾಲ್ಡಿನೊ'ಗಳೆಂದು ಪ್ರೀತಿಯಿಂದ ಹೆಸರಿಟ್ಟ. ಆ ಪದ ರಿಯೊ ನಗರದ ಆಡುಮಾತಿಗೆ ಸೇರಿಹೋಯಿತು. ಯಾವ ಕಚೇರಿಯಲ್ಲೂ ಯಾರೂ ಗುರುತಿಸದ ಮನುಷ್ಯನಿಗೆ ಭಾನುವಾರದ ಸಂಜೆ ಒಂದು ಹೆಸರು ಸಿಗುತ್ತಿತ್ತು.

ಆ ಜುಲೈ 16

1950ರ ವಿಶ್ವಕಪ್‌ಗೆ ಭಾರತಕ್ಕೂ ಅವಕಾಶ ಒದಗಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಏಷ್ಯಾದ ಉಳಿದ ದೇಶಗಳು ಹಿಂದೆ ಸರಿದದ್ದರಿಂದ ಆಡದೆಯೇ ಅರ್ಹತೆ ಸಿಕ್ಕಿ, ಇಟಲಿ, ಸ್ವೀಡನ್, ಪರಾಗ್ವೆಗಳಿದ್ದ ಗುಂಪಿನಲ್ಲಿ ಹೆಸರೂ ಬಂದಿತ್ತು. ತಂಡ ಮಾತ್ರ ಹೊರಡಲಿಲ್ಲ. ಬರಿಗಾಲಲ್ಲಿ ಆಡಲು ಬಿಡಲಿಲ್ಲವೆಂದು ಹೋಗಲಿಲ್ಲ ಎಂಬ ಕಥೆ ಬಹುಕಾಲ ಚಲಾವಣೆಯಲ್ಲಿತ್ತು. ಅದು ಬರೀ ನೆಪ ಎಂದು ಆಗಿನ ನಾಯಕ ಶೈಲೇನ್ ಮನ್ನಾ ಮುಂದೆ ಹೇಳಿದರು. ಒಲಿಂಪಿಕ್ಸ್ ಮುಂದೆ ವಿಶ್ವಕಪ್ಪೇನು ಮಹಾ ಎಂಬ ಭಾವನೆ ನಮ್ಮ ಫುಟ್‌ಬಾಲ್ ಆಡಳಿತಗಾರರಲ್ಲಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್, ಚೆಂಡಿನ ಚಮತ್ಕಾರದ ಅಹಮದ್ ಖಾನ್, ಇಬ್ಬರೂ ಬೆಂಗಳೂರಿನ ಮೈದಾನಗಳಲ್ಲಿ ಆಡಿದವರು. ತಂಡ ಹೋಗಿದ್ದರೆ ಬ್ರೆಜಿಲ್‌ನ ಹುಲ್ಲಿನ ಮೇಲೆ ನಮ್ಮೂರ ಹೆಜ್ಜೆಯೂ ಮೂಡುತ್ತಿತ್ತೋ ಏನೋ.

ಇರಲಿ. ಆ ಸಲ ಫೈನಲ್ ಪಂದ್ಯವೆಂಬುದೇ ಇರಲಿಲ್ಲ. ಕೊನೆಗೆ ಉಳಿದ ನಾಲ್ಕು ತಂಡಗಳು ತಮ್ಮತಮ್ಮಲ್ಲೇ ಆಡಿ, ಹೆಚ್ಚು ಅಂಕ ಪಡೆದವರು ಗೆದ್ದಂತೆ. ಬ್ರೆಜಿಲ್ ಸ್ವೀಡನ್ನಿಗೆ 7, ಸ್ಪೇನಿಗೆ 6 ಗೋಲು ಬಾರಿಸಿತ್ತು. ಕಡೆಯ ಪಂದ್ಯದಲ್ಲಿ ಉರುಗ್ವೆ ಎದುರು ಸಮ ಮಾಡಿಕೊಂಡರೂ ಸಾಕಿತ್ತು. ಉರುಗ್ವೆಯ ಒಟ್ಟು ಜನಸಂಖ್ಯೆ ರಿಯೊ ನಗರ ಒಂದರ ಜನಸಂಖ್ಯೆಯ ಆಸುಪಾಸು. ಪತ್ರಿಕೆಯೊಂದು ಪಂದ್ಯಕ್ಕೆ ಮೊದಲೇ ಬ್ರೆಜಿಲ್ ತಂಡದ ಚಿತ್ರ ಹಾಕಿ ವಿಶ್ವವಿಜೇತರು ಎಂದು ಬರೆಯಿತು. ಮೇಯರ್ ಮಹಾಶಯರು ಧ್ವನಿವರ್ಧಕದಲ್ಲಿ ಆಟಗಾರರನ್ನು ಚಾಂಪಿಯನ್ನರೆಂದೇ ಅಭಿನಂದಿಸಿದರು.

ಅಂದು ಟಿಕೆಟ್ ಕೊಂಡವರೇ 1,73,850. ಒಳಗಿದ್ದವರು ಸುಮಾರು 2 ಲಕ್ಷ. ಆಗ ರಿಯೊ ನಗರದ ಜನಸಂಖ್ಯೆ 24 ಲಕ್ಷದಷ್ಟು. ಅಂದರೆ ಊರಿನ ಹನ್ನೆರಡು ಜನರಲ್ಲಿ ಒಬ್ಬರಷ್ಟು ಮಂದಿ ಒಂದೇ ಬಟ್ಟಲಿನೊಳಗಿದ್ದರು.

ವಿರಾಮದ ನಂತರ ಫ್ರಿಯಾಸಾ ಗೋಲು ಹೊಡೆದಾಗ ಎಲ್ಲ ಮುಗಿಯಿತೆಂದೇ ಲೆಕ್ಕ. 66ನೆಯ ನಿಮಿಷದಲ್ಲಿ ಉರುಗ್ವೆಯ ಸ್ಕಿಯಾಫಿನೊ ಸಮ ಮಾಡಿದ. 79ನೆಯ ನಿಮಿಷದಲ್ಲಿ ಘಿಗ್ಗಿಯಾ ಬಲಗಡೆಯಿಂದ ನುಗ್ಗಿ ಬಂದ. ಮೊದಲ ಗೋಲಿನಂತೆ ಚೆಂಡನ್ನು ನಡುವಿಗೆ ಕೊಡುತ್ತಾನೆಂದು ಗೋಲಿ ಬಾರ್ಬೊಸಾ ಒಂದು ಹೆಜ್ಜೆ ಮುಂದಿಟ್ಟ. ಘಿಗ್ಗಿಯಾ ಕೊಡಲಿಲ್ಲ; ಕಂಬಕ್ಕೂ ಬಾರ್ಬೊಸಾಗೂ ನಡುವೆ ಉಳಿದ ಸಂದಿಯಲ್ಲಿ ಹೊಡೆದ. ಎರಡು ಲಕ್ಷ ಜನರ ಮೌನ ಹೇಗಿರುತ್ತದೆ ಎಂಬುದು ಆಗ ಗೊತ್ತಾಯಿತು. ಮರಕಾನಾವನ್ನು ಮೂರೇ ಜನ ಸುಮ್ಮನಾಗಿಸಿದ್ದು. ಫ್ರಾಂಕ್ ಸಿನಾಟ್ರಾ, ಪೋಪ್, ಮತ್ತೆ ತಾನು ಎಂದು ಘಿಗ್ಗಿಯಾ ಮುಂದೆ ಹೇಳುತ್ತಿದ್ದ. ಬಹುಮಾನ ಕೊಡಲು ಬ್ರೆಜಿಲ್‌ನ ಭಾಷೆಯಲ್ಲಿ ಭಾಷಣ ಸಿದ್ಧಮಾಡಿಕೊಂಡಿದ್ದ ಫಿಫಾ ಅಧ್ಯಕ್ಷ ಜೂಲ್ಸ್ ರಿಮೆ, ಗದ್ದಲದ ನಡುವೆ ಉರುಗ್ವೆಯ ನಾಯಕ ವರೇಲಾನ ಕೈಗೆ ಕಪ್ಪನ್ನು ಹಾಗೆಯೇ ಇತ್ತು ನಡೆದ.

ಸೋಲಿಗೆ ಯಾರಾದರೂ ಬಲಿಯಾಗಬೇಕಲ್ಲ? ಬಾರ್ಬೊಸಾ, ಬಿಗೋಡಿ, ಜುವೆನಾಲ್ ಈ ಮೂವರ ಮೇಲೆ ಆರೋಪ ಬಿತ್ತು. ಮೂವರೂ ಕರಿಯರು. ಬಾಗಿಲು ತೆರೆದು ಒಳಗೆ ಬಿಟ್ಟ ಮನೆಯೇ ಸೋತಾಗ ಬೆರಳು ಮಾಡಿದ್ದು ಇವರ ಕಡೆಗೆ. ಬಾರ್ಬೊಸಾ ನಿವೃತ್ತಿಯ ನಂತರ ನೌಕರಿ ಮಾಡಿದ್ದೂ ಅದೇ ಮರಕಾನಾದ ಆಡಳಿತದಲ್ಲಿ. ಗೋಲಿನ ಹಳೆಯ ಮರದ ಕಂಬಗಳನ್ನು ಬದಲಿಸಿದಾಗ ಅವನ್ನು ಮನೆಗೆ ಒಯ್ದು ಸುಟ್ಟು, ಆ ಬೆಂಕಿಯಲ್ಲಿ ಮಾಂಸ ಬೇಯಿಸಿ ಗೆಳೆಯರಿಗೆ ಬಡಿಸಿದನೆಂಬ ಕಥೆಯಿದೆ. ತನ್ನ ದೇಶದಲ್ಲಿ ಎಂಥ ಅಪರಾಧಕ್ಕೂ 30 ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯಿಲ್ಲ, ತಾನು ಅದನ್ನೂ ಮೀರಿ ಅನುಭವಿಸುತ್ತಿದ್ದೇನೆ ಎಂದು ಹೇಳಿಕೊಂಡ ಈತ 2000ದ ಏಪ್ರಿಲ್‌ನಲ್ಲಿ ತೀರಿಕೊಂಡ. ಗೋಲು ಹೊಡೆದ ಘಿಗ್ಗಿಯಾ ಸತ್ತದ್ದು 2015ರಲ್ಲಿ. ತಾರೀಖು ಅದೇ ಜುಲೈ 16.

ತುಂಬಿದ ದಿನಗಳು

ಸೋತ ಮನೆಯೆಂದು ಜನ ಮರಕಾನಾವನ್ನು ಬಿಡಲಿಲ್ಲ. 1963ರ ಡಿಸೆಂಬರಿನ ಒಂದು ಫ್ಲಾ-ಫ್ಲು ಪಂದ್ಯಕ್ಕೆ 1,94,603 ಜನ ಸೇರಿದ್ದರು. ಎರಡು ಕ್ಲಬ್ಬುಗಳ ನಡುವಣ ಪಂದ್ಯಕ್ಕೆ ಅಷ್ಟು ಜನ ಸೇರಿದ್ದು ಅಪೂರ್ವ. ಪಂದ್ಯದಲ್ಲಿ ಒಂದೂ ಗೋಲು ಬೀಳಲಿಲ್ಲ ಎಂಬುದು ಬೇರೆ ಮಾತು. 1969ರ ಆಗಸ್ಟ್‌ನಲ್ಲಿ ಪರಾಗ್ವೆ ವಿರುದ್ಧದ ಪಂದ್ಯಕ್ಕೆ 1,83,341 ಟಿಕೆಟ್ಟುಗಳು ಮಾರಾಟವಾದವು. ಅದೇ ವರ್ಷ ನವೆಂಬರ್ 19ರಂದು ಪೆಲೆ ವಾಸ್ಕೊ ವಿರುದ್ಧ ಪೆನಾಲ್ಟಿಯಲ್ಲಿ ತನ್ನ ಸಾವಿರದ ಗೋಲು ಹೊಡೆದ. ಮೈದಾನಕ್ಕೆ ನುಗ್ಗಿದ ಪತ್ರಕರ್ತರ ಮುಂದೆ ಚೆಂಡನ್ನು ತಬ್ಬಿಕೊಂಡು ಅವನು ಆಡಿದ ಮಾತು ಬಡ ಮಕ್ಕಳ ಬಗ್ಗೆ: ಅವರನ್ನು ಮರೆಯಬೇಡಿ ಎಂದು.

ಸೊಟ್ಟ ಕಾಲಿನ ಗಾರಿಂಚಾ 1973ರ ಡಿಸೆಂಬರಿನಲ್ಲಿ ವಿದಾಯ ಹೇಳಿದ್ದು ಇಲ್ಲೇ. ಕುಡಿತದಿಂದ ನಲುಗಿ 1983ರ ಜನವರಿಯಲ್ಲಿ ಅವನು ಸತ್ತಾಗ ಶವವನ್ನು ಜನರ ದರ್ಶನಕ್ಕೆ ಇಟ್ಟದ್ದೂ ಇಲ್ಲೇ. ಕಪ್ಪು-ಕೆಂಪು ಅಂಗಿಯ ಜೀಕೊ ಇಲ್ಲಿ 300ಕ್ಕೂ ಹೆಚ್ಚು ಗೋಲು ಹೊಡೆದ. ಆ ಲೆಕ್ಕವನ್ನು ಮುಟ್ಟಿದವರು ಇಲ್ಲ. ಸಿನಾಟ್ರಾ 1980ರಲ್ಲಿ ಹಾಡಿದ, ಪೋಪ್ ಎರಡನೆಯ ಜಾನ್ ಪಾಲ್ ಅದೇ ವರ್ಷ ಪೂಜೆ ನಡೆಸಿದರು, ಪಾಲ್ ಮೆಕಾರ್ಟ್ನಿಯ 1990ರ ಹಾಡಿಗೆ 1.84 ಲಕ್ಷ ಜನ ಬಂದರು. 1983ರಲ್ಲಿ ಸೋವಿಯತ್ ತಂಡದ ಜತೆ ವಾಲಿಬಾಲ್ ಪಂದ್ಯವನ್ನು ಮಳೆಯಲ್ಲೇ ಆಡಿಸಿದರು; ಅದನ್ನು ನೋಡಲೂ ತೊಂಬತ್ತು ಸಾವಿರಕ್ಕೂ ಮೀರಿ ಜನ.

ಕಂಬಿ ಮುರಿದ ಮಧ್ಯಾಹ್ನ

1992ರ ಜುಲೈ 19. ಫ್ಲಮೆಂಗೊ ಮತ್ತು ಬೊಟಾಫೊಗೊ ನಡುವೆ ರಾಷ್ಟ್ರೀಯ ಲೀಗಿನ ಕೊನೆಯ ಪಂದ್ಯ. ಟಿಕೆಟ್ ಕೊಂಡವರೇ 1.22 ಲಕ್ಷ. ಆಟ ಶುರುವಾಗುವ ಮೊದಲೇ ಮೇಲಿನ ಮೆಟ್ಟಿಲುಗಳ ಅಂಚಿನ ಕಬ್ಬಿಣದ ಕಂಬಿ, ಜನರ ಒತ್ತಡ ತಾಳಲಾರದೆ ಮುರಿದುಬಿತ್ತು. ಹತ್ತಾರು ಮಂದಿ ಒಬ್ಬರ ಮೇಲೊಬ್ಬರಂತೆ ಕೆಳಗಿನ ಕುರ್ಚಿಗಳ ಮೇಲೆ ಉರುಳಿದರು. ಮೂವರು ಸತ್ತರು. ಗಾಯಗೊಂಡವರನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಿದ ಮೇಲೆ ಪಂದ್ಯ ನಡೆಯಿತು. ಫ್ಲಮೆಂಗೊ ಚಾಂಪಿಯನ್ ಆಯಿತು.

ಮರಕಾನಾ ಮುದಿಯಾಗಿದೆ ಎಂಬುದನ್ನು ಆಮೇಲೆ ಯಾರೂ ಅಲ್ಲಗಳೆಯಲಿಲ್ಲ. ಇಂಗ್ಲೆಂಡಿನ ಹಿಲ್ಸ್‌ಬರೊದಲ್ಲಿ 1989ರಲ್ಲಿ ನಿಂತು ನೋಡುವ ಜಾಗದಲ್ಲಿ ನೂಕುನುಗ್ಗಲಾಗಿ 97 ಜೀವಗಳು ಹೋಗಿದ್ದವು. ಅಲ್ಲಿಂದ ಮುಂದೆ ದೊಡ್ಡ ಪಂದ್ಯಗಳಲ್ಲಿ ಎಲ್ಲರಿಗೂ ಕುರ್ಚಿಯಿರಬೇಕೆಂಬ ನಿಯಮ ಜಗತ್ತಿನಾದ್ಯಂತ ಬಲವಾಯಿತು. ಇದರಲ್ಲಿ ತಪ್ಪು ಹುಡುಕಲಾಗದು. ಬಡವನ ಪ್ರಾಣವೂ ಪ್ರಾಣವೇ. ಅವನನ್ನು ಕುರಿಗಳಂತೆ ತುಂಬುವುದಕ್ಕೆ ಸಂಪ್ರದಾಯದ ಹೆಸರು ಕೊಡಬಾರದು. ಮೊದಲು ಮೆಟ್ಟಿಲುಗಳ ಮೇಲೆ ಕುರ್ಚಿಗಳು ಬಂದವು. 2007ರ ಪ್ಯಾನ್ ಅಮೆರಿಕನ್ ಕ್ರೀಡೆಗಳಿಗೆ ಸಜ್ಜುಮಾಡುವಾಗ, 2005ರಲ್ಲಿ, ಜೆರಾಲ್ ಮುಚ್ಚಿತು. ಮೈದಾನವನ್ನು ತಗ್ಗಿಸಿ ಆ ಜಾಗದಲ್ಲೂ ಕುರ್ಚಿ ಹಾಕಿದರು. ಎರಡು ಲಕ್ಷ ಜನ ಸೇರಿದ್ದ ಕಡೆ ಈಗ ತೊಂಬತ್ತು ಸಾವಿರಕ್ಕೂ ಕಡಿಮೆ.

ಹೊಸ ಕುರ್ಚಿಗಳ ಮೇಲೆ ಹೊಸಬರೂ ಬಂದರು ಎನ್ನಬೇಕು. ಬ್ರೆಜಿಲ್‌ನಲ್ಲಿ ಹೆಂಗಸರು ಫುಟ್‌ಬಾಲ್ ಆಡದಂತೆ 1941ರಲ್ಲಿ ಹೇರಿದ ನಿಷೇಧ 1979ರವರೆಗೂ ಇತ್ತು. ಮರಕಾನಾದ ಮೊದಲ ಮೂರು ದಶಕಗಳೆಲ್ಲ ಆ ನಿಷೇಧದಲ್ಲೇ ಕಳೆದವು. 2007ರ ಜುಲೈನಲ್ಲಿ ಇದೇ ಮೈದಾನದಲ್ಲಿ ಮಾರ್ತಾಳ ಬ್ರೆಜಿಲ್ ತಂಡ ಅಮೆರಿಕವನ್ನು 5-0ಯಿಂದ ಮಣಿಸಿ ಪ್ಯಾನ್ ಅಮೆರಿಕನ್ ಚಿನ್ನ ಗೆದ್ದಾಗ ಅರವತ್ತು ಸಾವಿರಕ್ಕೂ ಹೆಚ್ಚು ಜನ ಎದ್ದುನಿಂತು ಕೂಗಿದರು.

ಹಾಗಾದರೆ ಜೆರಾಲ್ಡಿನೊಗಳ ಅಳಲೇನು? ಅವರು ಕುರ್ಚಿ ಬೇಡ ಎಂದವರಲ್ಲ. ಕುರ್ಚಿಯ ಬೆಲೆ ಅವರ ಕೈಗೆ ಎಟುಕಲಿಲ್ಲ. ಸುರಕ್ಷತೆ ಬಂತು, ಅಗ್ಗದ ಟಿಕೆಟ್ಟು ಅದರ ಜತೆಯಲ್ಲೇ ಹೊರಟುಹೋಯಿತು. ಎರಡನ್ನೂ ಒಟ್ಟಿಗೆ ಉಳಿಸಿಕೊಳ್ಳುವ ದಾರಿಯನ್ನು ಗಂಭೀರವಾಗಿ ಹುಡುಕಿದವರು ಕಡಿಮೆ.

ಚಪ್ಪರ ಇಳಿಯಿತು

2014ರ ವಿಶ್ವಕಪ್ ಬ್ರೆಜಿಲ್‌ಗೆ ಸಿಕ್ಕಾಗ ಮರಕಾನಾವನ್ನು ಮತ್ತೆ ಮುಚ್ಚಿದರು. ದೇಶದ ಪರಂಪರೆಯ ಆಸ್ತಿಯೆಂದು 2000ದಲ್ಲಿ ಸಂರಕ್ಷಿತ ಪಟ್ಟಿಗೆ ಸೇರಿಸಿದ್ದ ಕಟ್ಟಡ ಅದು. ಆದರೂ ಅದರ ಗುರುತೇ ಆಗಿದ್ದ ಕಾಂಕ್ರೀಟ್ ಚಪ್ಪರ ಶಿಥಿಲವಾಗಿದೆಯೆಂದು ಒಡೆದು ಹಾಕಲು ಅನುಮತಿ ಸಿಕ್ಕಿತು. ಎರಡು ಅಂತಸ್ತುಗಳನ್ನು ಕಿತ್ತು ಒಂದೇ ಇಳಿಜಾರು ಮಾಡಿದರು. ಮೇಲೆ ಬಿಳಿಯ ಹಗುರ ಹೊದಿಕೆ. ಹೊರಗಿನ ದುಂಡು ಗೋಡೆ ಹಳೆಯದು, ಒಳಗಿನದೆಲ್ಲ ಹೊಸದು. ಖರ್ಚು ಏರುತ್ತ ಏರುತ್ತ 100 ಕೋಟಿ ರೆಯಾಲ್ ದಾಟಿತು. ಕೂರುವ ಜಾಗ 78 ಸಾವಿರ ಚಿಲ್ಲರೆ.

ಸಾರ್ವಜನಿಕರ ದುಡ್ಡಿನಲ್ಲಿ ಕಟ್ಟಿದ ಇದನ್ನು 2013ರಲ್ಲಿ ಖಾಸಗಿ ಒಕ್ಕೂಟವೊಂದಕ್ಕೆ 35 ವರ್ಷಗಳ ಗುತ್ತಿಗೆ ಕೊಟ್ಟರು. ಪಕ್ಕದಲ್ಲಿದ್ದ ಹಳೆಯ ಮೂಲನಿವಾಸಿ ವಸ್ತುಸಂಗ್ರಹಾಲಯದ ಕಟ್ಟಡದಲ್ಲಿ ನೆಲೆಸಿದ್ದ ಮೂಲನಿವಾಸಿಗಳನ್ನು ಅದೇ ವರ್ಷ ಮಾರ್ಚಿನಲ್ಲಿ ಪೊಲೀಸರು ಎಬ್ಬಿಸಿದರು. ತುಪಿ ಭಾಷೆಯ ಗಿಳಿಯ ಹೆಸರು ಹೊತ್ತ ಕ್ರೀಡಾಂಗಣದ ಬಾಗಿಲಲ್ಲೇ ಇದು ನಡೆಯಿತು. ಬಿದಿರು ಕೋಲಿನ ಬಾವುಟ, ಡೋಲು, ಅಂಗಿ ಬಿಚ್ಚಿ ಕುಣಿಯುವುದು, ನಿಂತು ನೋಡುವುದು, ಇಂಥ ಅಭ್ಯಾಸಗಳನ್ನು ಜನರಿಂದ ಬಿಡಿಸಬೇಕೆಂಬ ಮಾತು ಗುತ್ತಿಗೆ ಹಿಡಿದವರ ಕಡೆಯಿಂದ ಬಂತು. ಕೇಳಿದ ಊರು ಸಿಡಿದೆದ್ದಿತು. ಆ ಜೂನ್ ತಿಂಗಳಲ್ಲಿ ಬಸ್ ದರ ಏರಿಕೆಯಿಂದ ಶುರುವಾದ ಪ್ರತಿಭಟನೆಗಳು ದೇಶವನ್ನೆಲ್ಲ ಹಬ್ಬಿದ್ದವು. ಕಾನ್ಫೆಡರೇಷನ್ಸ್ ಕಪ್ ಫೈನಲ್‌ನಲ್ಲಿ ಬ್ರೆಜಿಲ್ ಸ್ಪೇನನ್ನು 3-0ಯಿಂದ ಸೋಲಿಸುವಾಗ ಹೊರಗೆ ಪೊಲೀಸರು ಅಶ್ರುವಾಯು ಸಿಡಿಸುತ್ತಿದ್ದರು.

ಇಷ್ಟೆಲ್ಲ ಮಾಡಿಯೂ 2014ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ಮರಕಾನಾದಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಫೈನಲ್ ತಲುಪಿದ್ದರೆ ಇಲ್ಲಿಗೆ ಬರಬೇಕಿತ್ತು. ಸೆಮಿಫೈನಲ್‌ನಲ್ಲೇ ಬೆಲೊ ಒರಿಜಾಂಟೆಯಲ್ಲಿ ಜರ್ಮನಿಯ ಕೈಯಲ್ಲಿ 1-7ರಿಂದ ಧೂಳೀಪಟವಾಯಿತು. ಜರ್ಮನಿ ಅರ್ಜೆಂಟೀನಾವನ್ನು ಸೋಲಿಸಿದ ಫೈನಲ್ ನೋಡಿದವರು 74,738 ಜನ. 2016ರ ಒಲಿಂಪಿಕ್ಸ್‌ನಲ್ಲಿ ಅದೇ ಜರ್ಮನಿಯನ್ನು ಪೆನಾಲ್ಟಿಯಲ್ಲಿ ಸೋಲಿಸಿ ಬ್ರೆಜಿಲ್ ಚೊಚ್ಚಲ ಫುಟ್‌ಬಾಲ್ ಚಿನ್ನ ಗೆದ್ದಾಗ ಮರಕಾನಾಕ್ಕೆ ಕೊನೆಗೂ ಒಂದು ಸಮಾಧಾನ ಸಿಕ್ಕಿತು.

ಆ ಸಮಾಧಾನ ಕೆಲವೇ ತಿಂಗಳದ್ದು. ಒಲಿಂಪಿಕ್ಸ್ ಮುಗಿದ ಮೇಲೆ ಕ್ರೀಡಾಂಗಣ ಯಾರ ಹೊಣೆ ಎಂಬ ಜಗಳ ಶುರುವಾಯಿತು. 2017ರ ಆರಂಭದಲ್ಲಿ ಹುಲ್ಲು ಒಣಗಿ ಮಣ್ಣು ಕಾಣುತ್ತಿತ್ತು, ಸಾವಿರಾರು ಕುರ್ಚಿಗಳು ಕಿತ್ತುಹೋಗಿದ್ದವು, ಬಿಲ್ ಕಟ್ಟದ್ದಕ್ಕೆ ಕರೆಂಟು ಕಡಿತವಾಗಿತ್ತು. ನವೀಕರಣದ ಕಾಲದಲ್ಲಿ ರಾಜ್ಯಪಾಲನಾಗಿದ್ದ ಸೆರ್ಜಿಯೊ ಕಬ್ರಾಲ್, ಮರಕಾನಾ ಸೇರಿದಂತೆ ಹಲವು ಕಾಮಗಾರಿಗಳಲ್ಲಿ ಲಂಚ ತಿಂದ ಆರೋಪದ ಮೇಲೆ 2016ರ ನವೆಂಬರಿನಲ್ಲೇ ಬಂಧನಕ್ಕೊಳಗಾಗಿದ್ದ. ಬ್ರೆಜಿಲ್‌ನಲ್ಲಿ ರಾಜ್ಯಪಾಲ ಎಂದರೆ ಜನರಿಂದ ಚುನಾಯಿತನಾದ, ನಮ್ಮ ಮುಖ್ಯಮಂತ್ರಿಗೆ ಸಮನಾದ ಅಧಿಕಾರದವನು.

2020ರಲ್ಲಿ ಕೊರೊನಾ ಬಂದಾಗ ಮರಕಾನಾ ಆವರಣದಲ್ಲಿ ತಾತ್ಕಾಲಿಕ ಆಸ್ಪತ್ರೆ ಎದ್ದಿತು. ಜೂನ್ 18ರಂದು ಫ್ಲಮೆಂಗೊ ಮತ್ತು ಬಾಂಗು ತಂಡಗಳು ಪ್ರೇಕ್ಷಕರೇ ಇಲ್ಲದ ಕ್ರೀಡಾಂಗಣದಲ್ಲಿ ಆಡಿದವು. ಪಕ್ಕದ ಆಸ್ಪತ್ರೆಯಲ್ಲಿ ಅದೇ ದಿನ ಇಬ್ಬರು ರೋಗಿಗಳು ಸತ್ತರು. ಎರಡು ಲಕ್ಷ ಜನರ ಮೌನ ಕಂಡಿದ್ದ ಬಟ್ಟಲು, ಜನರೇ ಇಲ್ಲದ ಮೌನವನ್ನೂ ಕಂಡಿತು.

ಯಾರ ಮನೆ?

2019ರಿಂದ ಫ್ಲಮೆಂಗೊ ಮತ್ತು ಫ್ಲುಮಿನೆನ್ಸ್ ಕ್ಲಬ್ಬುಗಳೇ ಜತೆಗೂಡಿ ಮರಕಾನಾ ನಡೆಸುತ್ತ ಬಂದಿವೆ. 2024ರಲ್ಲಿ 20 ವರ್ಷದ ಗುತ್ತಿಗೆಯೂ ಅವಕ್ಕೇ ಸಿಕ್ಕಿತು. ಕುಸ್ತಿ ಆಡುವ ಇಬ್ಬರು ಒಂದೇ ಮನೆಯ ಬಾಡಿಗೆ ಹಂಚಿಕೊಂಡಂತೆ. ಮೈದಾನ ಮತ್ತೆ ತುಂಬುತ್ತಿದೆ. 2023ರ ನವೆಂಬರ್ 4ರಂದು ಫ್ಲುಮಿನೆನ್ಸ್ ಅರ್ಜೆಂಟೀನಾದ ಬೊಕಾ ಜೂನಿಯರ್ಸ್ ತಂಡವನ್ನು 2-1ರಿಂದ ಸೋಲಿಸಿ ದಕ್ಷಿಣ ಅಮೆರಿಕದ ಅತಿ ದೊಡ್ಡ ಕ್ಲಬ್ ಪ್ರಶಸ್ತಿಯಾದ ಲಿಬರ್ಟಡೋರ್ಸ್ ಕಪ್ಪನ್ನು ಮೊದಲ ಸಲ ಗೆದ್ದದ್ದು ಇಲ್ಲೇ. ಡೋಲಿನ ಸದ್ದು, ಬಾವುಟಗಳ ಅಲೆ, ಗಂಟಲು ಹರಿಯುವ ಹಾಡು, ಯಾವುದನ್ನೂ ಯಾರಿಗೂ ಬಿಡಿಸಲಾಗಲಿಲ್ಲ. ಗೋಲುಗಂಬದ ಹಿಂದಿನ ಸಾಲುಗಳಲ್ಲಿ ಕುರ್ಚಿಯಿದ್ದರೂ ಕೂರುವವರು ಕಡಿಮೆ, ನಿಂತೇ ನೋಡುತ್ತಾರೆ.

ಈ ನಿಂತವರು ಮಾತ್ರ ಆ ನಿಂತವರಲ್ಲ. ಜೆರಾಲ್ ಕುರಿತು 2015ರಲ್ಲಿ 'ಜೆರಾಲ್ಡಿನೋಸ್' ಎಂಬ ಸಾಕ್ಷ್ಯಚಿತ್ರ ಬಂತು. ತಮ್ಮ ಸ್ಥಳವನ್ನು ಕಳೆದುಕೊಂಡವರು ಈಗ ಸಿನಿಮಾ ವಸ್ತುವಾಗಿದ್ದಾರೆ. ಮಾರಿಯೊ ಫಿಲ್ಯೊ ಹೋರಾಡಿ ಗೆದ್ದ ಜಾಗ ಊರ ನಡುವೆಯೇ ಉಳಿದಿದೆ. ರೈಲು ಈಗಲೂ ಮರಕಾನಾ ನಿಲ್ದಾಣದಲ್ಲಿ ನಿಲ್ಲುತ್ತದೆ. ಗೇಟಿಗೆ ಕೆಲವೇ ನಿಮಿಷದ ನಡಿಗೆ. ಪಂದ್ಯದ ದಿನ ಅದೇ ರೈಲಿನಲ್ಲಿ ಬರುವ ಬಿಯರ್, ನೀರು, ಕಡಲೆಕಾಯಿ ಮಾರುವವರು ಗೇಟಿನ ಹೊರಗೇ ನಿಲ್ಲುತ್ತಾರೆ. ಒಳಗಿನ ಕೂಗು ಕೇಳಿ ಯಾರು ಗೋಲು ಹೊಡೆದರೆಂದು ಊಹಿಸುವುದು ಅವರಿಗೇನೂ ಕಷ್ಟವಲ್ಲ.